ಗೇಟು ಯಾವಾಗ ಹಾಕ್ಬೇಕು, ಯಾವಾಗ ತೆಗೀಬೇಕು?

ತೆರೆಯುವ ಸೇತುವೆ ಅಂದ ಕೂಡಲೇ ನಮಗೆಲ್ಲ ಲಂಡನ್ನಿನ ಟವರ್ ಬ್ರಿಡ್ಜ್ ನೆನಪಾಗುತ್ತೆ, ಇಲ್ಲಾಂದ್ರೆ ರಾಮೇಶ್ವರದ ದಾರಿಯಲ್ಲಿರೋ ಪಾಂಬನ್. ಒಳನಾಡಲ್ಲಿ ಕೂತ ನಮಗೂ ಇದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಈ ಲೇಖನ ಬರೆದ ನಮ್ಮ ಗುಂಪಿನಲ್ಲಿ ಇಬ್ಬರು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯವರು. ನಮ್ಮ ತಾಲ್ಲೂಕಿನ ನದಿ ಅರ್ಕಾವತಿ. ಅದರಲ್ಲಿ ದೋಣಿ ಬಿಡೋದಿರಲಿ, ವರ್ಷದ ಬಹಳಷ್ಟು ದಿನ ಕಾಲು ನೆನೆಯೋಷ್ಟು ನೀರಿದ್ರೆ ಹೆಚ್ಚು. ಆದ್ರೆ ಯಲಹಂಕ, ದೊಡ್ಡಬಳ್ಳಾಪುರ, ಮಾಕಳಿದುರ್ಗ, ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಹೋಗೋ ರೈಲು ಮಾರ್ಗ ನಮ್ಮ ತಾಲ್ಲೂಕಿನ ಮಧ್ಯೆನೇ ಇದೆ. ರೈಲ್ವೆ ಗೇಟು ಅನ್ನೋದು ನೀರಿಲ್ಲದ ತೆರೆಯುವ ಸೇತುವೆ, ಅಷ್ಟೇ. ಒಂದೇ ಜಾಗ, ಅಡ್ಡ ಹಾಯುವ ಎರಡು ದಾರಿ. ಒಬ್ಬರಿಗೆ ಬಿಟ್ಟರೆ ಇನ್ನೊಬ್ಬರು ನಿಲ್ಲಬೇಕು. ಹಾಗಾಗಿ ಸೇತುವೆಯ ಲೆಕ್ಕವನ್ನ ಮೊದಲು ಕಲಿತು, ಆಮೇಲೆ ಅದನ್ನ ಗೇಟಿಗೆ ತರೋಣ.

ನಮ್ಮ ದೇಶದಲ್ಲಿ ಈ ತಕರಾರಿಗೆ ಒಳ್ಳೆ ಉದಾಹರಣೆ ಕಲ್ಕತ್ತಾದ ಹಳೇ ಹೌರಾ ಸೇತುವೆ. ಈಗಿರೋದಲ್ಲ, ಅದು 1943ರದ್ದು. ಅದಕ್ಕೂ ಮುಂಚೆ, 1874ರಲ್ಲಿ, ಬ್ರಾಡ್‌ಫರ್ಡ್ ಲೆಸ್ಲಿ ಅನ್ನೋ ಎಂಜಿನಿಯರ್ ಹೂಗ್ಲಿ ನದಿ ಮೇಲೆ ತೇಲುವ ಸೇತುವೆ ಕಟ್ಟಿದ್ದ. ಉದ್ದ 1528 ಅಡಿ. ಹಡಗು ಬಂದಾಗ ಮಧ್ಯದ 200 ಅಡಿ ಭಾಗವನ್ನ ಬಿಚ್ಚಿ ಪಕ್ಕಕ್ಕೆ ಸರಿಸಿ ದಾರಿ ಕೊಡಬೇಕಿತ್ತು. ಆ ಹೊತ್ತಿಗೆ ಹೌರಾ ಸ್ಟೇಷನ್ನಿನಿಂದ ಊರೊಳಗೆ ಬರೋ ಎತ್ತಿನ ಗಾಡಿ, ಜನ ಎಲ್ಲ ದಡದಲ್ಲೇ ನಿಲ್ಲಬೇಕು. ಮೊದಲು ಹಗಲಲ್ಲಿ ಮಾತ್ರ ತೆರೀತಿದ್ರು. 1906ರ ಜೂನ್‌ನಿಂದ ನಿಯಮ ಬದಲಾಯ್ತು: ಸಮುದ್ರಕ್ಕೆ ಹೋಗೋ ದೊಡ್ಡ ಹಡಗುಗಳು ಹಗಲಲ್ಲೇ ಹೋಗ್ಬೇಕು, ಉಳಿದವೆಲ್ಲ ರಾತ್ರಿ ಹೋಗಬಹುದು. ಅಂದ್ರೆ ಬದಲಾಯಿಸಿದ್ದು ವೇಳಾಪಟ್ಟಿಯನ್ನ. ಯಾರನ್ನ ಯಾವ ಹೊತ್ತಿಗೆ ಬಿಡಬೇಕು ಅನ್ನೋ ಪ್ರಶ್ನೆಯನ್ನ ವಾಹನದ ಗುಣ ನೋಡಿ ಬಿಡಿಸಿದ್ದು ನಮಗೆ ಬಹಳ ಇಷ್ಟವಾಯ್ತು.

ಟವರ್ ಬ್ರಿಡ್ಜ್ ಕಡೆ ನಿಯಮ ಇನ್ನೂ ನೇರ. 24 ಗಂಟೆ ಮುಂಚೆ ತಿಳಿಸಿದ್ರೆ ಹಡಗಿಗೇ ಮೊದಲ ಹಕ್ಕು. 1997ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರ ಕಾರುಗಳ ಸಾಲು ಸೇತುವೆ ದಾಟ್ತಾ ಇದ್ದಾಗ, ಮೊದಲೇ ಹೇಳಿಟ್ಟಿದ್ದ ಒಂದು ಹಾಯಿದೋಣಿಗೆ ಅಂತ ಸೇತುವೆ ಎದ್ದು, ಸಾಲು ಎರಡು ಭಾಗ ಆಗೋಯ್ತು. ನಮ್ಮಲ್ಲಿ ಮಿನಿಸ್ಟರ್ ಕಾರಿಗೆ ಹೀಗಾಗೋದನ್ನ ಊಹಿಸಿ ಸ್ವಲ್ಪ ಹೊತ್ತು ನಕ್ಕಿದ್ದೂ ಆಯ್ತು. ಈಗ ಲೆಕ್ಕಕ್ಕೆ ಬರೋಣ.

ಒಂದು ರಸ್ತೆಯಲ್ಲಿ ಎರಡೂ ಕಡೆಯಿಂದ ಸೇರಿ ನಿಮಿಷಕ್ಕೆ 6 ವಾಹನ ಬರ್ತಿವೆ ಅಂತ ಇಟ್ಕೊಳ್ಳಿ. ದಾರಿ ತೆರೆದಾಗ ನಿಮಿಷಕ್ಕೆ 18 ವಾಹನ ದಾಟಬಹುದು. ಈ ಎರಡೂ ಸಂಖ್ಯೆ ನಾವು ಲೆಕ್ಕಕ್ಕೆ ಅಂತ ಇಟ್ಕೊಂಡಿದ್ದು, ಯಾವುದೇ ನಿಜವಾದ ಗೇಟಿನದ್ದಲ್ಲ. ದಾರಿ 6 ನಿಮಿಷ ಮುಚ್ಚಿದ್ರೆ 36 ವಾಹನ ನಿಲ್ಲುತ್ತವೆ. ತೆರೆದ ಮೇಲೆ ಸಾಲು ನಿಮಿಷಕ್ಕೆ 18ರಂತೆ ಕರಗಲ್ಲ, ಯಾಕಂದ್ರೆ ಹಿಂದೆಯಿಂದ 6 ಬಂದು ಸೇರ್ತಾನೇ ಇರ್ತವೆ. ಕರಗೋದು 12ರಂತೆ. ಅಂದ್ರೆ ಸಾಲು ಖಾಲಿಯಾಗೋಕೆ ಇನ್ನೂ 3 ನಿಮಿಷ ಬೇಕು. ಸಮಯಕ್ಕೆ ಎದುರಾಗಿ ಸಾಲಿನ ಉದ್ದದ ಗ್ರಾಫ್ ಬರೆದ್ರೆ ತ್ರಿಕೋನ ಸಿಗುತ್ತೆ: ಎತ್ತರ 36, ತಳ 9. ಅದರ ವಿಸ್ತೀರ್ಣವೇ ಎಲ್ಲರೂ ಸೇರಿ ಕಾದ ಒಟ್ಟು ಸಮಯ, 162 ವಾಹನ-ನಿಮಿಷ.

ಈಗ ಮುಚ್ಚೋ ಸಮಯವನ್ನ ಎರಡು ಪಟ್ಟು ಮಾಡಿ, 12 ನಿಮಿಷ. ಸಾಲು 72, ಕರಗೋಕೆ 6 ನಿಮಿಷ, ತ್ರಿಕೋನದ ತಳ 18, ವಿಸ್ತೀರ್ಣ 648. ಕಾಯೋದು ಎರಡು ಪಟ್ಟಲ್ಲ, ನಾಲ್ಕು ಪಟ್ಟು! ತಳ, ಎತ್ತರ ಎರಡೂ ಒಟ್ಟಿಗೆ ಬೆಳೆಯೋದ್ರಿಂದ ಒಟ್ಟು ಕಾಯುವಿಕೆ ಮುಚ್ಚಿದ ಸಮಯದ ವರ್ಗದ ಹಾಗೆ ಬೆಳೆಯುತ್ತೆ. ಈ ಲೇಖನದಿಂದ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ತೀರಾ ಅಂದ್ರೆ ಇದನ್ನೇ ಇಟ್ಕೊಳ್ಳಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಹಾಗಾದ್ರೆ ಚಿಕ್ಕ ಚಿಕ್ಕದಾಗಿ ಹತ್ತು ಸಲ ಮುಚ್ಚೋದೇ ಒಳ್ಳೇದಲ್ವಾ ಅನ್ಸುತ್ತೆ. ಆದ್ರೆ ಸೇತುವೆ ಪ್ರತಿ ಸಲ ಎದ್ದು ಇಳಿಯೋಕೂ ಸಮಯ ಬೇಕು. ರಸ್ತೆ ಖಾಲಿ ಮಾಡಿಸ್ಬೇಕು, ಅಡ್ಡಗಟ್ಟೆ ಇಳಿಸ್ಬೇಕು, ಎತ್ತಬೇಕು, ಆಮೇಲೆ ಇಳಿಸಿ ಮತ್ತೆ ಲಾಕ್ ಮಾಡ್ಬೇಕು. ಇದಕ್ಕೆ 6 ನಿಮಿಷ, ಪ್ರತಿ ದೋಣಿ ದಾಟೋಕೆ 2 ನಿಮಿಷ, ಗಂಟೆಗೆ 4 ದೋಣಿ ಅಂತ ಇಟ್ಕೊಳ್ಳೋಣ. ದೋಣಿ ಬಂದಾಗೆಲ್ಲ ತೆರೆದ್ರೆ ಗಂಟೆಗೆ ನಾಲ್ಕು ಸಲ, ಸಲಕ್ಕೆ 8 ನಿಮಿಷ ರಸ್ತೆ ಬಂದ್. ಮೇಲಿನ ಲೆಕ್ಕದ ಪ್ರಕಾರ ಗಂಟೆಗೆ 1152 ವಾಹನ-ನಿಮಿಷ ಕಾಯುವಿಕೆ. ದೋಣಿಗಳನ್ನ ಕಾಯಿಸಿ ಅರ್ಧ ಗಂಟೆಗೊಮ್ಮೆ ಎರಡೆರಡು ಬಿಟ್ರೆ ಸಲಕ್ಕೆ 10 ನಿಮಿಷ, ಗಂಟೆಗೆ 900. ಮುಕ್ಕಾಲು ಗಂಟೆಗೊಮ್ಮೆ ಮೂರು ಬಿಟ್ರೆ 864. ಗಂಟೆಗೊಮ್ಮೆ ನಾಲ್ಕನ್ನೂ ಬಿಟ್ರೆ ಮತ್ತೆ ಏರಿ 882.

ಮ್ಯಾಥ್ಸ್ ಒಂದನೇ ಸೆಮಿಸ್ಟರಲ್ಲಿ ಕಲಿತ ಡಿಫರೆನ್ಸಿಯೇಷನ್ ಹಾಕಿ ನೋಡಿದ್ರೆ ಇದರ ಕನಿಷ್ಠ ಬಿಂದು ಬಹಳ ಚೆಂದವಾಗಿ ಬರುತ್ತೆ. ಸೇತುವೆ ಎತ್ತಿ ಇಳಿಸೋಕೆ ಹಿಡಿಯೋ ಸಮಯ, ಆ ಸಲ ದೋಣಿಗಳು ದಾಟೋಕೆ ಹಿಡಿಯೋ ಸಮಯ, ಎರಡೂ ಸಮ ಆದಾಗ ರಸ್ತೆಗೆ ತೊಂದರೆ ಅತಿ ಕಡಿಮೆ. ಮೇಲಿನ ಉದಾಹರಣೆಯಲ್ಲಿ 6 ಮತ್ತು 6, ಅಂದ್ರೆ ಮೂರು ದೋಣಿ. ನಾವೇ ಬಿಡಿಸಿ ನೋಡಿದಾಗ ಇಷ್ಟು ಸರಳವಾಗಿ ಬರುತ್ತೆ ಅಂದ್ಕೊಂಡಿರ್ಲಿಲ್ಲ, ನೀವೂ ಒಂದು ಸಲ ಪೆನ್ನು ಹಿಡಿದು ನೋಡಿ.

ಆದ್ರೆ ನಿಜವಾದ ಪಾಠ ಇರೋದು ಆ ಕನಿಷ್ಠ ಬಿಂದುವಿನಲ್ಲಲ್ಲ, ಅದರ ಅಕ್ಕಪಕ್ಕ. 900, 864, 882 ಅಂದ್ರೆ ಗ್ರಾಫಿನ ತಳ ತಟ್ಟೆ ಥರ ಚಪ್ಪಟೆ. ಅರ್ಧ ಗಂಟೆಗೊಮ್ಮೆ ತೆರೆದ್ರೂ ಗಂಟೆಗೊಮ್ಮೆ ತೆರೆದ್ರೂ ರಸ್ತೆಯವರಿಗೆ ಹೆಚ್ಚು ಫರಕಿಲ್ಲ. ದೋಣಿಯವರಿಗೆ ಮಾತ್ರ ಬಹಳ ಫರಕು, ಅವರ ಸರಾಸರಿ ಕಾಯುವಿಕೆ 15 ನಿಮಿಷದಿಂದ 30ಕ್ಕೆ ಹೋಗುತ್ತೆ. ಹೀಗಿರುವಾಗ ಅರ್ಧ ಗಂಟೆ ನಿಯಮ ಒಪ್ಪೋದೇ ನ್ಯಾಯ. ಅಮೆರಿಕದ ಎಷ್ಟೋ ಸೇತುವೆಗಳು ಗಂಟೆ ಹೊಡೆದಾಗ ಮತ್ತು ಅರ್ಧ ಗಂಟೆಗೆ ಮಾತ್ರ ತೆರೆಯುತ್ತವೆ, ಬೆಳಗ್ಗೆ ಸಂಜೆ ಆಫೀಸ್ ಹೊತ್ತಲ್ಲಿ ತೆರೆಯೋದೇ ಇಲ್ಲ. ಅದಕ್ಕೆ ಇನ್ನೊಂದು ಲಾಭವೂ ಇದೆ, ಎಲ್ಲರಿಗೂ ಮೊದಲೇ ಗೊತ್ತಿರುತ್ತೆ. ಗೊತ್ತಿರೋ ಹತ್ತು ನಿಮಿಷ ಮತ್ತು ಗೊತ್ತಿಲ್ಲದ ಹತ್ತು ನಿಮಿಷ ಗಡಿಯಾರದಲ್ಲಿ ಒಂದೇ, ಬಸ್ಸಲ್ಲಿ ಕೂತೋರಿಗೆ ಒಂದೇ ಅಲ್ಲ.

ಇನ್ನು ನಮ್ಮ ಗೇಟು. ದೋಣಿಯನ್ನ ಲಂಗರು ಹಾಕಿ ನಿಲ್ಲಿಸಿದಷ್ಟು ಸುಲಭವಾಗಿ ರೈಲನ್ನ ನಿಲ್ಲಿಸೋಕಾಗಲ್ಲ. ಗಂಟೆಗೆ 90 ಕಿಲೋಮೀಟರ್ ವೇಗದ ರೈಲು ನಿಮಿಷಕ್ಕೆ ಒಂದೂವರೆ ಕಿಲೋಮೀಟರ್ ಬರುತ್ತೆ. ಇಂಟರ್‌ಲಾಕ್ ಆದ ಗೇಟಲ್ಲಿ ಗೇಟು ಬಿದ್ದು ಲಾಕ್ ಆಗೋವರೆಗೂ ಸಿಗ್ನಲ್ ಹಸಿರಾಗಲ್ಲ. ಹಸಿರಾಗದಿದ್ರೆ ಡ್ರೈವರ್ ದೂರದಲ್ಲೇ ಬ್ರೇಕ್ ಹಾಕೋಕೆ ಶುರು ಮಾಡ್ಬೇಕು. ಅದಕ್ಕೇ ರೈಲು ಕಣ್ಣಿಗೆ ಬೀಳೋ ಎಷ್ಟೋ ಮೊದಲು ಗೇಟು ಬೀಳೋದು. "ರೈಲೇ ಇಲ್ಲ, ಸುಮ್ನೆ ಗೇಟ್ ಹಾಕವ್ರೆ" ಅಂತ ಬೈಯೋರು ಈ ಒಂದೂವರೆ ಕಿಲೋಮೀಟರ್ ಲೆಕ್ಕ ನೋಡ್ಬೇಕು. ಗೇಟ್‌ಮನ್ ಕೈಯಲ್ಲಿರೋದು ಬಹಳ ಕಡಿಮೆ.

ಕಡಿಮೆ, ಆದ್ರೆ ಸೊನ್ನೆ ಅಲ್ಲ. ಬೆಳಗ್ಗೆ 8 ಗಂಟೆಗೆ ಒಂದು ರೈಲು, 8:08ಕ್ಕೆ ಎದುರಿನಿಂದ ಇನ್ನೊಂದು ಅಂದ್ಕೊಳ್ಳಿ. ಈ ಮಾರ್ಗ ಈಗ ಜೋಡಿ ಹಳಿ, ಹಾಗಾಗಿ ಇದು ಆಗೋ ಮಾತೇ. ಪ್ರತಿ ರೈಲಿಗೂ 5 ನಿಮಿಷ ಮುಂಚೆ ಮುಚ್ಚಿ, ದಾಟಿದ 1 ನಿಮಿಷಕ್ಕೆ ತೆಗೀಬೇಕು ಅಂತಿಟ್ರೆ 8:01ರಿಂದ 8:03ರವರೆಗೆ 2 ನಿಮಿಷ ಸಂದು ಸಿಗುತ್ತೆ. ಗೇಟು ತೆಗೀದೆ 14 ನಿಮಿಷ ಹಾಗೇ ಬಿಟ್ರೆ 84 ವಾಹನದ ಸಾಲು, 882 ವಾಹನ-ನಿಮಿಷ. ಮಧ್ಯೆ 2 ನಿಮಿಷ ತೆಗೆದ್ರೆ 432, ಅರ್ಧಕ್ಕಿಂತ ಕಡಿಮೆ. ಆ ಎರಡು ನಿಮಿಷದಲ್ಲಿ ಒಂದು ನಿಮಿಷ ಗೇಟು ಎತ್ತೋಕೆ, ಎದುರುಬದುರು ನುಗ್ಗಿದ ಬೈಕುಗಳು ಬಿಡಿಸ್ಕೊಳ್ಳೋಕೆ ಹೋಯ್ತು ಅಂದ್ರೂ ಸುಮಾರು 652. ಒಂದೇ ನಿಮಿಷ ಹರಿದ್ರೂ 230 ವಾಹನ-ನಿಮಿಷ ಉಳೀತು.

ಹಾಗಿದ್ರೆ ಯಾವಾಗಲೂ ತೆಗೀಬೇಕಾ? ನಮ್ಮೊಳಗೇ ಇದಕ್ಕೆ ಜಗಳ ಆಯ್ತು. ಆ ಒಂದು ನಿಮಿಷದಲ್ಲಿ ಹುಲ್ಲು ತುಂಬಿದ ಟ್ರಾಕ್ಟರ್ ಹಳಿ ಮೇಲೆ ಕೂತ್ರೆ ಗೇಟು ಬೀಳಲ್ಲ, ಲಾಕ್ ಆಗಲ್ಲ, ಎರಡನೇ ರೈಲು ಸಿಗ್ನಲ್ ಹತ್ರ ನಿಂತೇಬಿಡುತ್ತೆ. ರೈಲಲ್ಲಿ 1000 ಜನ ಇದ್ದು 5 ನಿಮಿಷ ನಿಂತ್ರೆ 5000 ಜನ-ನಿಮಿಷ. ರಸ್ತೆಯಲ್ಲಿ ಉಳಿಸಿದ್ದು ವಾಹನಕ್ಕೆ ಮೂರು ಜನ ಅಂದ್ರೂ ಸುಮಾರು 690. ಏಳು ಸಲ ತೆಗೆದಾಗ ಒಂದು ಸಲ ಹೀಗಾದ್ರೂ ಲಾಭವೆಲ್ಲ ಮುಗೀತು. ಅಲ್ಲದೆ ತಪ್ಪಿದ್ರೆ ಪ್ರಶ್ನೆ ಕೇಳೋದು ಗೇಟ್‌ಮನ್‌ನ, 84 ವಾಹನದವರನ್ನಲ್ಲ. ಹಾಗಾಗಿ ಸಂದು ಸಣ್ಣದಿದ್ದಾಗ ಅವನು ಗೇಟು ತೆಗೀದೇ ಇರೋದು ಸೋಮಾರಿತನ ಅಲ್ಲ ಅನ್ನೋದು ನಮ್ಮ ಅಭಿಪ್ರಾಯ. ಸಂದು 4 ನಿಮಿಷ ದಾಟಿದ್ರೆ ತೆಗೀದೇ ಇರೋಕೆ ಕಾರಣ ಕಾಣಲ್ಲ.

ಮೂರನೇ ದಾರಿ ಹೌರಾದವರದ್ದು. ಬರೋದನ್ನೇ ಸರಿಸೋದು. ಎರಡನೇ ರೈಲು 8:08ರ ಬದಲು 8:02ಕ್ಕೆ ಬಂದ್ರೆ ಒಂದೇ ಸಲ 8 ನಿಮಿಷ ಮುಚ್ಚಿದ್ರೆ ಸಾಕು, 288 ವಾಹನ-ನಿಮಿಷ. ಪ್ಯಾಸೆಂಜರ್ ರೈಲನ್ನ ಇದಕ್ಕಾಗಿ ನಿಲ್ಲಿಸಿ ಜೋಡಿಸೋದು ಮೂರ್ಖತನ, ಮೇಲಿನ 5000ದ ಲೆಕ್ಕವೇ ಅದನ್ನ ಹೇಳುತ್ತೆ. ಆದ್ರೆ ಗೂಡ್ಸ್ ರೈಲಲ್ಲಿ ಕಾಯೋ ಜನ ಬೆರಳೆಣಿಕೆ. ಹಿಂದಿನ ಸ್ಟೇಷನ್ನಲ್ಲಿ ಹೇಗೂ ನಿಂತಿರೋ ಗೂಡ್ಸನ್ನ ಬೆಳಗ್ಗೆ 8ರಿಂದ 9ರವರೆಗೆ ಬಿಡದೇ ಇರೋದು, ಅಥವಾ ಎದುರು ರೈಲಿನ ಜೊತೆಗೇ ಗೇಟು ದಾಟೋ ಹಾಗೆ ಬಿಡೋದು ಯೋಚಿಸಬೇಕಾದ ವಿಷಯ. ಆ ಒಂದು ಗಂಟೆಯಲ್ಲೇ ನಮ್ಮ ಕಡೆಯಿಂದ ದೊಡ್ಡಬಳ್ಳಾಪುರಕ್ಕೆ ಗಾರ್ಮೆಂಟ್ಸಿಗೆ, ಮಗ್ಗಕ್ಕೆ, ಕಾಲೇಜಿಗೆ ಹೋಗೋರೆಲ್ಲ ರಸ್ತೆಯಲ್ಲಿರ್ತಾರೆ. ಹತ್ತು ನಿಮಿಷ ತಡ ಅಂದ್ರೆ ಅವರಲ್ಲಿ ಕೆಲವರಿಗೆ ಸಂಬಳ ಕಡಿತ.

ಈಗ ನಮಗೆ ತಲೆ ಕೆಡಿಸಿದ ಒಂದು ಸಂಖ್ಯೆ. ಗೇಟಿನ ಜಾಗದಲ್ಲಿ ಮೇಲ್ಸೇತುವೆ ಬೇಕಾ ಅಂತ ತೀರ್ಮಾನಿಸೋಕೆ ರೈಲ್ವೆ ಬಹಳ ಕಾಲದಿಂದ ಬಳಸೋ ಅಳತೆ ಟಿವಿಯು, ಟ್ರೈನ್ ವೆಹಿಕಲ್ ಯೂನಿಟ್. ದಿನಕ್ಕೆ ದಾಟೋ ರೈಲುಗಳ ಸಂಖ್ಯೆಯನ್ನ ವಾಹನಗಳ ಯೂನಿಟ್ಟಿನಿಂದ ಗುಣಿಸೋದು. 40 ರೈಲು, 2500 ವಾಹನ ಆದ್ರೆ 1 ಲಕ್ಷ, ಆ ಗೆರೆ ಮುಟ್ಟಿದ್ರೆ ಸೇತುವೆ ಕಟ್ಟೋಕೆ ಅರ್ಹ. ಸರಳ ಅಳತೆ, ಎಣಿಸೋಕೆ ಸುಲಭ, ಅದು ಒಪ್ಪೋ ಮಾತು. ಆದ್ರೆ ಅದರಲ್ಲಿ ಗೇಟು ಎಷ್ಟು ಹೊತ್ತು ಮುಚ್ಚಿತ್ತು ಅನ್ನೋದೇ ಇಲ್ಲ. 40 ರೈಲು ಬಿಡಿಬಿಡಿಯಾಗಿ 6 ನಿಮಿಷ ಮುಚ್ಚಿಸಿದ್ರೂ 1 ಲಕ್ಷ, ಎರಡೆರಡು ಅಂಟಿಕೊಂಡು 14 ನಿಮಿಷ ಮುಚ್ಚಿಸಿದ್ರೂ 1 ಲಕ್ಷ. ನಮ್ಮ ತ್ರಿಕೋನದಲ್ಲಿ ಎರಡು ಬಿಡಿ ರೈಲಿಗೆ 324, ಅಂಟಿದ ಜೋಡಿಗೆ 882. ಇನ್ನೊಂದು, ಬಸ್ಸೂ ಒಂದು ಯೂನಿಟ್, ಕಾರೂ ಒಂದು ಯೂನಿಟ್, ಆಟೋ ಅರ್ಧ. ಒಬ್ಬರೇ ಕೂತ ಕಾರಿಗೂ 50 ಜನ ನೇತಾಡ್ತಿರೋ ಸರ್ಕಾರಿ ಬಸ್ಸಿಗೂ ಒಂದೇ ಬೆಲೆ. ಹಳ್ಳಿ ಕಡೆ ರಸ್ತೆಗಳಲ್ಲಿ ವಾಹನ ಕಡಿಮೆ, ವಾಹನದಲ್ಲಿ ಜನ ಹೆಚ್ಚು. ಹಾಗಾಗಿ ಈ ಅಳತೆಯಲ್ಲಿ ಹಳ್ಳಿ ಗೇಟುಗಳು ಯಾವಾಗಲೂ ಸ್ವಲ್ಪ ಹಿಂದೇನೇ.

ನಮ್ಮ ಲೆಕ್ಕದಲ್ಲೂ ಸೇರದ ಒಂದು ವಾಹನ ಇದೆ, 108. 84 ವಾಹನದ ಸಾಲಲ್ಲಿ ಅದು 60ನೆಯದಾಗಿ ನಿಂತಿದ್ರೆ ಸರಾಸರಿ ಕಾಯುವಿಕೆ ಬದಲಾಗೋದೇ ಇಲ್ಲ. ಅದಕ್ಕೆ ಬೇಕಾಗಿರೋದು ಕಡಿಮೆ ಸರಾಸರಿ ಅಲ್ಲ, ಮುಂಚೆಯೇ ಸಿಗೋ ಸುದ್ದಿ. ರೈಲು ಹಿಂದಿನ ಸ್ಟೇಷನ್ ಬಿಡುವಾಗಲೇ ಗೇಟಿಗೆ ಫೋನ್ ಬರುತ್ತೆ. ಅದೇ ಸುದ್ದಿ ಎರಡು ಕಿಲೋಮೀಟರ್ ಆಚೆ, ಇನ್ನೊಂದು ದಾರಿ ಕವಲೊಡೆಯೋ ಜಾಗದಲ್ಲಿ ಒಂದು ಕೆಂಪು ದೀಪವಾಗಿ ಉರಿದ್ರೆ ಡ್ರೈವರ್ ಅಲ್ಲೇ ತಿರುಗಿಸ್ಕೋಬಹುದು. ಇಸಿಯವರು ಇದನ್ನ ಮಿನಿ ಪ್ರಾಜೆಕ್ಟ್ ಆಗಿ ತಗೊಂಡ್ರೆ ಸಿವಿಲ್‌ನ ನಾವು ಎಣಿಸೋ ಕೆಲಸಕ್ಕೆ ಬರ್ತೀವಿ. ಎಣಿಸೋಕೆ ಬೇಕಾಗಿರೋದು ನಾಲ್ಕು ಕಾಲಂ: ಗೇಟು ಬಿದ್ದ ಸಮಯ, ಎದ್ದ ಸಮಯ, ಎದ್ದಾಗ ನಿಂತಿದ್ದ ವಾಹನ, ಅದರಲ್ಲಿ ಬಸ್ಸೆಷ್ಟು. ಈ ಸಲ ಊರಿಗೆ ಹೋದಾಗ ನಿಮ್ಮ ಹತ್ತಿರದ ಗೇಟಲ್ಲಿ, ಹಳಿಯಿಂದ ದೂರ ನಿಂತು, ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ಬರೆದು ತಂದ್ರೆ ಮುಂದಿನ ಸಂಚಿಕೆಗೆ ನಾವು ಇಟ್ಕೊಂಡ 6 ಮತ್ತು 18ರ ಜಾಗದಲ್ಲಿ ನಿಜವಾದ ಸಂಖ್ಯೆ ಹಾಕೋಣ.