ಚಿತ್ರಕ್ಕಿಂತ ಮೊದಲು ಕಟ್ಟಡ ನೋಡಿ

ಶಿವಪುರದ ಸತ್ಯಾಗ್ರಹ ಸೌಧ ಮದ್ದೂರಿನ ಕಡೆಯವರಿಗೆಲ್ಲ ಗೊತ್ತು. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆದದ್ದು ಇದೇ ಊರಲ್ಲಿ. ಸೌಧ ಇಲ್ಲಿರುವುದು ಅದಕ್ಕೇ. ಕಲಾ ಸಂಗ್ರಹಾಲಯದ ಮಾತು ಬೇರೆ. ಅಲ್ಲಿನ ಚಿತ್ರ, ಶಿಲ್ಪಗಳು ಎಲ್ಲೆಲ್ಲಿಂದಲೋ ಬಂದು ಸೇರಿದವು. ಅವಕ್ಕೊಂದು ನೆಲೆ ಮಾಡಿಕೊಡುವುದು ವಾಸ್ತುಶಿಲ್ಪಿಯ ಕೆಲಸ.

ಮೊದಲ ಸಲ ಹೋಗುವವರು ಬೆಳಕನ್ನು ಗಮನಿಸಿ. ಜಲವರ್ಣದ ಚಿತ್ರ, ಹಳೆಯ ಫೋಟೋ, ಬಟ್ಟೆ ಇವೆಲ್ಲ ಬೆಳಕಿಗೆ ಬಣ್ಣಗೆಡುತ್ತವೆ. ಹೋದ ಬಣ್ಣ ಮತ್ತೆ ಬಾರದು. ಹಾಗಾಗಿ ಅವುಗಳ ಮೇಲೆ ಬೀಳುವ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್ ಆಸುಪಾಸಿನಲ್ಲಿ ಇಡುತ್ತಾರೆ. ಕೋಣೆ ಮಬ್ಬಾಗಿ ಕಂಡರೆ ಸ್ವಲ್ಪ ಹೊತ್ತು ನಿಲ್ಲಿ, ಕಣ್ಣು ಹೊಂದಿಕೊಳ್ಳುತ್ತದೆ. ಕಲ್ಲು, ಕಂಚಿಗೆ ಈ ಭಯವಿಲ್ಲ. ಅವುಗಳನ್ನು ಕಿಟಕಿಯ ಬಳಿಯೂ ಇಡಬಹುದು, ತೋಟದಲ್ಲೂ ನಿಲ್ಲಿಸಬಹುದು.

ಇದನ್ನು ಸೊಗಸಾಗಿ ಬಳಸಿಕೊಂಡದ್ದು ಡೆನ್ಮಾರ್ಕಿನ ಕಡಲಂಚಿನ ಲೂಯಿಸಿಯಾನ ಸಂಗ್ರಹಾಲಯ. 1958ರಲ್ಲಿ ತೆರೆದ ಇದನ್ನು ರೂಪಿಸಿದವರು ಯೋರ್ಗನ್ ಬೋ ಮತ್ತು ವಿಲ್ಹೆಲ್ಮ್ ವೋಲರ್ಟ್. ಅಲ್ಲಿದ್ದ ಹಳೆಯ ಬಂಗಲೆಯನ್ನು ಉಳಿಸಿಕೊಂಡು, ಅದರಿಂದ ಮುಂದಕ್ಕೆ ಮರಗಳ ನಡುವೆ ತಗ್ಗಾದ ಗಾಜಿನ ಓಣಿಗಳನ್ನು ಕಟ್ಟಿದರು. ಜಕೊಮೆಟ್ಟಿಯ ಕಂಚಿನ ಆಕೃತಿಗಳ ಪಕ್ಕದ ದೊಡ್ಡ ಗಾಜಿನಾಚೆ ಕೆರೆ ಕಾಣುತ್ತದೆ. ತೋಟದ ಹೆನ್ರಿ ಮೂರ್ ಶಿಲ್ಪದ ಹಿಂದೆ ಕಡಲು.

ಅಷ್ಟು ದೂರ ಹೋಗಲಾಗದವರಿಗೆ ಬೆಂಗಳೂರಿದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ತೆರೆಯಿತು. ಸುಮಾರು ಮೂರೂವರೆ ಎಕರೆಯ ಆವರಣ. ಇಲ್ಲೂ ಹಳೆಯ ಮನೆ ಉಳಿಯಿತು, ಅದಕ್ಕೆ ಹೊಸ ಗ್ಯಾಲರಿ ಸೇರಿತು, ಸುತ್ತ ದೊಡ್ಡ ಮರಗಳಿವೆ. ಎರಡೂ ಕಡೆ ನಡೆದು ನೋಡಿ. ವಾಸಕ್ಕೆಂದು ಕಟ್ಟಿದ ಕೋಣೆಯಲ್ಲಿ ಚಿತ್ರದ ಹತ್ತಿರವೇ ನಿಲ್ಲುತ್ತೀರಿ. ಪ್ರದರ್ಶನಕ್ಕೆಂದೇ ಕಟ್ಟಿದ ಕಡೆ ಹಿಂದೆ ಸರಿದು ದೊಡ್ಡ ಚಿತ್ರವನ್ನು ಇಡಿಯಾಗಿ ನೋಡಬಹುದು. ಕಣ್ಣು ದಣಿದರೆ ಹೊರಗೆ ಬಂದು ಮರದಡಿ ಕುಳಿತುಕೊಳ್ಳಿ. ಆ ನೆರಳೂ ಸಂಗ್ರಹಾಲಯದ್ದೇ. ಅದಿಲ್ಲದೆ ಹೆಚ್ಚು ಹೊತ್ತು ನೋಡಲಾಗದು.

ಮದ್ದೂರಿನಿಂದ ರೈಲಿದೆ, ಸೋಮವಾರ ಮಾತ್ರ ಹೋಗಬೇಡಿ, ಅಂದು ರಜೆ. ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸುವ ಆತುರ ಬೇಡ. ಮನಸ್ಸಿಗೆ ಹಿಡಿದ ಒಂದು ಚಿತ್ರವನ್ನೋ ಶಿಲ್ಪವನ್ನೋ ಆರಿಸಿಕೊಂಡು, ಇದನ್ನು ಈ ಜಾಗದಲ್ಲಿ, ಈ ಬೆಳಕಿನಲ್ಲಿ ಏಕೆ ಇಟ್ಟಿದ್ದಾರೆ ಎಂದು ಕೇಳಿಕೊಳ್ಳಿ. ಕಲೆಯನ್ನು ನೋಡಲು ಕಲಿಯುವುದಕ್ಕೆ ಆ ಒಂದು ಪ್ರಶ್ನೆ ಸಾಕು.