ಕಣ್ಣಿಗೂ ಬೇಕು ವಿರಾಮ

ಪರೀಕ್ಷೆ ಸಮೀಪಿಸಿದಾಗ ನಮ್ಮಲ್ಲಿ ಅನೇಕರು ಟಿಪ್ಪಣಿಗಳನ್ನು ಮೊಬೈಲಿನಲ್ಲಿಯೇ ಓದುತ್ತೇವೆ. ನಡುರಾತ್ರಿಯ ಹೊತ್ತಿಗೆ ಕಣ್ಣುರಿ, ತಲೆನೋವು. ಇದಕ್ಕೆ ಕಾರಣವೇನು? ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ಮಿಟುಕುವ ರೆಪ್ಪೆಯು ಪರದೆಯ ಮುಂದೆ 5-7 ಸಲಕ್ಕೆ ಇಳಿಯುವುದುಂಟು. ಆಗ ಕಣ್ಣೀರಿನ ತೆಳುಪೊರೆ ಆರಿ ಉರಿ ಹುಟ್ಟುತ್ತದೆ. ಹತ್ತಿರದ ಅಕ್ಷರಕ್ಕೆ ಕಣ್ಣಿನ ಮಸೂರವನ್ನು ಹೊಂದಿಸುವ ಸ್ನಾಯುವೂ ಬಿಡುವಿಲ್ಲದೆ ಬಿಗಿದು ದಣಿಯುತ್ತದೆ. ತಪ್ಪು ನೀಲಿ ಬೆಳಕಿನದಲ್ಲ. ಆದುದರಿಂದ ಅದನ್ನು ತಡೆಯುವ ಕನ್ನಡಕಕ್ಕೆ ಹಣ ತೆರುವ ಅಗತ್ಯವಿಲ್ಲ.

ಉಪಾಯ ಸುಲಭ: 20 ನಿಮಿಷಕ್ಕೊಮ್ಮೆ 20 ಅಡಿ ಆಚೆಯ ವಸ್ತುವೊಂದನ್ನು 20 ಸೆಕೆಂಡು ನೋಡುವುದು, ರೆಪ್ಪೆ ಮಿಟುಕಿಸುವುದನ್ನು ಮರೆಯದಿರುವುದು. ಇಷ್ಟಾದರೂ ನೋವು ನಿಲ್ಲದಿದ್ದರೆ ದೃಷ್ಟಿದೋಷವಿರಬಹುದು. ನೇತ್ರವೈದ್ಯರನ್ನು ಕಾಣಲು ಸಂಕೋಚ ಬೇಡ. ಪಾಠವನ್ನು ಮತ್ತೊಮ್ಮೆ ಓದಬಹುದು, ಮಿತ್ರರೇ. ಓದುವ ಕಣ್ಣು ಮಾತ್ರ ಮತ್ತೊಂದು ಜೊತೆ ದೊರೆಯದು.