ಸಸ್ಯಗಳ ಪಟ್ಟಿಯಿಂದ ನೆಲದ ಹೆಸರು

ನಮ್ಮ ಹಿರಿಯರು ಒಂದು ಪ್ರದೇಶವನ್ನು ಕಂಡೊಡನೆ ಅದನ್ನು ಮಲೆನಾಡೆಂದೋ ಬಯಲುಸೀಮೆಯೆಂದೋ ಕರೆಯುತ್ತಿದ್ದರು. ನಾವು ನೆಲೆಸಿರುವ ತಮಿಳುನಾಡಿನ ಪ್ರಾಚೀನ ಕವಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೆಲವನ್ನು ಕುರಿಂಜಿ, ಮುಲ್ಲೈ, ಮರುದಂ, ನೆಯ್ದಲ್, ಪಾಲೈ ಎಂದು ಐದಾಗಿ ವಿಂಗಡಿಸಿದರು. ಬೆಟ್ಟ, ಕಾಡು, ಗದ್ದೆ, ಕಡಲತೀರ ಮತ್ತು ಬರಡು ನೆಲಗಳಿಗೆ ಅಲ್ಲಲ್ಲಿ ಬೆಳೆಯುವ ಗಿಡ, ಬಳ್ಳಿ, ಹೂಗಳ ಹೆಸರನ್ನೇ ಇಟ್ಟರು. ಇಂದಿನ ವಿಜ್ಞಾನಿಗಳು ಮಾಡುತ್ತಿರುವುದೂ ಬೇರೆಯಲ್ಲ. ಒಂದು ನೆಲದ ಮೇಲೆ ಯಾವ ಯಾವ ಸಸ್ಯಗಳು ಒಟ್ಟಿಗೆ ಬದುಕುತ್ತವೆ ಎಂಬುದನ್ನು ಎಣಿಸಿ, ಬರೆದು, ಹೋಲಿಸಿ, ಆ ನೆಲಕ್ಕೆ ತಕ್ಕ ಹೆಸರು ಕೊಡುತ್ತಾರೆ. ಈ ಕೆಲಸ ಹೇಗೆ ನಡೆಯುತ್ತದೆ, ಅದರಿಂದ ನಮಗೇನು ಪ್ರಯೋಜನ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ನಮ್ಮ ಎರಡು ಜಿಲ್ಲೆಗಳ ವೈವಿಧ್ಯ

ಕೊಯಮತ್ತೂರು ಮತ್ತು 2009ರಲ್ಲಿ ರಚನೆಯಾದ ತಿರುಪ್ಪೂರು, ಈ ಎರಡು ಜಿಲ್ಲೆಗಳು ಸಸ್ಯವಿಂಗಡಣೆ ಕಲಿಯುವವರಿಗೆ ತೆರೆದಿಟ್ಟ ಪುಸ್ತಕದಂತಿವೆ. ಪಶ್ಚಿಮಘಟ್ಟಗಳ ಸಾಲು ಪಾಲಕ್ಕಾಡಿನ ಬಳಿ ತುಂಡಾಗಿ ಒಂದು ಹೆಬ್ಬಾಗಿಲು ಮಾಡಿಕೊಟ್ಟಿದೆ. ಆ ಬಾಗಿಲಿನ ಪೂರ್ವಕ್ಕೆ ಕೊಯಮತ್ತೂರಿದೆ. ನೈಋತ್ಯ ಮಳೆಯ ಬಹುಪಾಲು ಬೆಟ್ಟಗಳ ಮೇಲೆಯೇ ಸುರಿದುಹೋಗುತ್ತದೆ. ಆನೆಮಲೆಯ ಮೇಲಿನ ವಾಲ್ಪಾರೈಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿದ ಮಳೆ. ಅಲ್ಲಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಕಾಂಗೇಯಂ, ಧಾರಾಪುರಂ ಸೀಮೆಯಲ್ಲಿ ಅದರ ನಾಲ್ಕನೆಯ ಒಂದು ಪಾಲೂ ಇಲ್ಲ. ಆದುದರಿಂದಲೇ ಬೆಟ್ಟದ ಇಳಿಜಾರುಗಳಲ್ಲಿ ನಿತ್ಯಹಸುರಿನ ಕಾಡು, ಟಾಪ್‌ಸ್ಲಿಪ್‌ನ ಸುತ್ತ ಎಲೆ ಉದುರಿಸುವ ತೇಗ ಮತ್ತಿಗಳ ಕಾಡು, ಸುಮಾರು 2000 ಮೀಟರ್ ಎತ್ತರದ ಅಕ್ಕಾಮಲೆಯಲ್ಲಿ ಹುಲ್ಲುಗಾವಲು ಮತ್ತು ಶೋಲಾ, ಬಯಲಿನಲ್ಲಿ ಮುಳ್ಳುಗಿಡಗಳ ಕುರುಚಲು, ಹೀಗೆ ನಾನಾ ಬಗೆಗಳು ನಮ್ಮ ಕಣ್ಣಿಗೆ ಬೀಳುತ್ತವೆ.

ಪಟ್ಟಿ ಮಾಡುವ ಬಗೆ

ವಿಂಗಡಣೆಯ ಮೊದಲ ಮೆಟ್ಟಿಲು ಪಟ್ಟಿ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಬ್ರೌನ್ ಬ್ಲಾಂಕೆ (1884–1980) ಎಂಬ ಸಸ್ಯವಿಜ್ಞಾನಿ ಇದಕ್ಕೊಂದು ಸರಳವಾದ ಕ್ರಮವನ್ನು ರೂಪಿಸಿ, 1928ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಒಂದೇ ತೆರನಾಗಿ ಕಾಣುವ ನೆಲದಲ್ಲಿ ಒಂದು ಚೌಕವನ್ನು ಗುರುತಿಸಬೇಕು. ಅದರೊಳಗಿನ ಪ್ರತಿಯೊಂದು ಸಸ್ಯದ ಹೆಸರನ್ನೂ ಬರೆಯಬೇಕು. ಬಳಿಕ ಒಂದೊಂದು ಸಸ್ಯವೂ ಮೇಲಿನಿಂದ ನೋಡಿದರೆ ನೆಲದ ಎಷ್ಟು ಭಾಗವನ್ನು ಮುಚ್ಚುತ್ತದೆ ಎಂದು ಅಂದಾಜು ಮಾಡಿ ಅಂಕ ಕೊಡಬೇಕು. ನೂರರಲ್ಲಿ ಐದು ಪಾಲಿಗಿಂತ ಕಡಿಮೆ ಮುಚ್ಚಿದರೆ 1, ಇಪ್ಪತ್ತೈದರವರೆಗೆ 2, ಐವತ್ತರವರೆಗೆ 3, ಎಪ್ಪತ್ತೈದರವರೆಗೆ 4, ಅದಕ್ಕೂ ಮೀರಿದರೆ 5. ಎತ್ತರ, ಇಳಿಜಾರು, ಮಣ್ಣಿನ ಬಣ್ಣ, ದಿನಾಂಕ ಇವುಗಳನ್ನೂ ಬರೆದಿಡಬೇಕು. ದಿನಾಂಕವಿಲ್ಲದ ಪಟ್ಟಿ ಸಹಿಯಿಲ್ಲದ ಪತ್ರವಿದ್ದಂತೆ. ಮಳೆಗಾಲದಲ್ಲಿ ಕಂಡ ಹುಲ್ಲು ಬೇಸಿಗೆಯಲ್ಲಿ ಕಾಣಲಿಕ್ಕಿಲ್ಲ.

ಪಟ್ಟಿಗಳನ್ನು ಜೋಡಿಸುವ ಬಗೆ

ಒಂದು ಪಟ್ಟಿಯಿಂದ ಏನೂ ತಿಳಿಯದು. ಹಲವು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗಲೇ ಅರ್ಥ ಹೊಳೆಯುತ್ತದೆ. ತಿಳಿವಳಿಕೆಗಾಗಿ ನಾವೇ ಕಲ್ಪಿಸಿಕೊಂಡ ಆರು ಚೌಕಗಳ ಉದಾಹರಣೆಯನ್ನು ನೋಡಿ. ಯಾವ ಸಸ್ಯ ಯಾವ ಚೌಕಗಳಲ್ಲಿ ಇದೆ ಎಂಬುದು ಮಾತ್ರ ಇಲ್ಲಿದೆ.

ಬಿಳಿಜಾಲಿ: 1, 4, 6
ತೇಗ: 2, 5
ಕೊಳುಕ್ಕಟ್ಟೈ ಹುಲ್ಲು: 1, 4, 6
ನಾಗಸಂಪಿಗೆ: 3
ಮತ್ತಿ: 2, 5
ಲಂಟಾನ: 1, 2, 4, 5, 6

ಈಗ ಚೌಕಗಳ ಸಾಲನ್ನು 1, 4, 6, ಆಮೇಲೆ 2, 5, ಕೊನೆಗೆ 3 ಎಂದು ಬದಲಿಸಿ ಬರೆಯಿರಿ. ಮೂರು ಗುಂಪುಗಳು ತಾವಾಗಿಯೇ ಬೇರೆಯಾಗುತ್ತವೆ. ಮೊದಲನೆಯದು ಮುಳ್ಳುಗಿಡಗಳ ಬಯಲು, ಎರಡನೆಯದು ಎಲೆ ಉದುರುವ ಕಾಡು, ಮೂರನೆಯದು ನಿತ್ಯಹಸುರಿನ ಕಾಡು. ಇಲ್ಲಿ ಲಂಟಾನದ ಪಾತ್ರವನ್ನು ಗಮನಿಸಿ. ಅದು ಐದು ಚೌಕಗಳಲ್ಲಿ ಇದ್ದರೂ ಗುಂಪು ಮಾಡಲು ಅದರಿಂದ ಸಹಾಯವಾಗಲಿಲ್ಲ. ಎಲ್ಲೆಲ್ಲಿಯೂ ಇರುವ ಗಿಡ ನೆಲದ ಗುಟ್ಟನ್ನು ಹೇಳುವುದಿಲ್ಲ. ಕೆಲವೇ ಕಡೆ ತಪ್ಪದೆ ಇರುವ ಗಿಡ ಹೇಳುತ್ತದೆ. ಹಾಗೆಯೇ ಮೂರನೆಯ ಗುಂಪಿನಲ್ಲಿ ಒಂದೇ ಚೌಕವಿದೆ. ಒಂದು ಚೌಕವನ್ನು ನಂಬಿ ತೀರ್ಮಾನ ಮಾಡಬಾರದು, ಅಂತಹ ಕಡೆ ಇನ್ನಷ್ಟು ಪಟ್ಟಿಗಳು ಬೇಕು.

ದೊಡ್ಡ ಕೆಲಸದಲ್ಲಿಯೂ ಇದೇ ರೀತಿ. ಉತ್ತರ ಧ್ರುವದ ಸುತ್ತ ಮರವೇ ಬೆಳೆಯದ ಟಂಡ್ರಾ ಎಂಬ ಶೀತಪ್ರದೇಶವಿದೆ. ಅಲ್ಲಿ ಅಂಗೈ ಎತ್ತರದ ಪೊದೆ, ಹುಲ್ಲು, ಹಾವಸೆ, ಕಲ್ಲುಹೂಗಳೇ ಸಸ್ಯಸಂಪತ್ತು. ಅನೇಕ ದೇಶಗಳ ವಿಜ್ಞಾನಿಗಳು ತಮ್ಮ ತಮ್ಮ ದೇಶದ ಮಾಹಿತಿಗಳನ್ನು ಒಟ್ಟುಗೂಡಿಸಿ, 2003ರಲ್ಲಿ ಇಡೀ ಟಂಡ್ರಾಕ್ಕೆ ಒಂದೇ ಸಸ್ಯನಕ್ಷೆಯನ್ನು ಹೊರತಂದರು. ಅದರಲ್ಲಿ 15 ಬಗೆಯ ಸಸ್ಯವರ್ಗಗಳನ್ನು ಗುರುತಿಸಿದರು. ಹಿಮದ ನಾಡಿನ ಚೌಕಕ್ಕೂ ಕಾಂಗೇಯದ ಚೌಕಕ್ಕೂ ಲೆಕ್ಕದ ಕ್ರಮ ಒಂದೇ ಎಂಬುದು ಸೋಜಿಗವಲ್ಲವೇ?

ಹೆಸರುಗಳ ತೊಡಕು

ಪಟ್ಟಿಗಳನ್ನು ಕೂಡಿಸುವಾಗ ಎಲ್ಲಕ್ಕಿಂತ ಹೆಚ್ಚು ಕಾಡುವುದು ಲೆಕ್ಕವಲ್ಲ, ಹೆಸರು. ಭಾಷೆಯನ್ನು ಕಲಿಯುವ ನಮಗೆ ಈ ಭಾಗ ವಿಶೇಷವಾಗಿ ಸೇರಿದ್ದು.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಮಕ್ಕಳಿಗೆ ಒಂದು ಗಿಡಕ್ಕೆ ಎರಡು ಹೆಸರಿರುವುದು ಹೊಸತಲ್ಲ. ಅಜ್ಜಿ ಎಕ್ಕ ಎಂದರೆ ನೆರೆಯವರು ಎರುಕ್ಕು ಎನ್ನುತ್ತಾರೆ. ನಾವು ಬಿಳಿಜಾಲಿ ಎನ್ನುವುದು ಅವರಿಗೆ ವೆಳ್ವೇಲಂ, ನಮ್ಮ ಕರಿಜಾಲಿ ಅವರ ಕರುವೇಲಂ. ಕನ್ನಡದಲ್ಲಿ ಬಳ್ಳಾರಿಜಾಲಿ ಎಂದು ಕರೆಯುವ ಮುಳ್ಳುಮರ ತಮಿಳಿನಲ್ಲಿ ಸೀಮೈ ಕರುವೇಲಂ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ಬಳ್ಳಾರಿಯದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಪಟ್ಟಿಯಲ್ಲಿ ಬರಿದೆ 'ಜಾಲಿ' ಎಂದು ಬರೆದರೆ, ನಾಡಿನ ಮರವೋ ಹೊರಗಿನಿಂದ ಬಂದದ್ದೋ ಎಂಬುದೇ ತಿಳಿಯದೆ ಪಟ್ಟಿ ನಿರರ್ಥಕವಾಗುತ್ತದೆ.

ಶಾಸ್ತ್ರೀಯ ಹೆಸರು ಈ ತೊಡಕನ್ನು ಕಳೆಯುತ್ತದೆ. ಆದರೆ ಅದೂ ಬದಲಾಗುವುದುಂಟು. ಹಳೆಯ ಪುಸ್ತಕಗಳಲ್ಲಿ ಬಿಳಿಜಾಲಿಗೆ ಅಕೇಸಿಯ ಲ್ಯೂಕೋಫ್ಲಿಯ ಎಂಬ ಹೆಸರಿದೆ. ಅಕೇಸಿಯ ಎಂಬ ಕುಲನಾಮವನ್ನು ಮುಖ್ಯವಾಗಿ ಆಸ್ಟ್ರೇಲಿಯದ ಜಾತಿಗಳಿಗೆ ಉಳಿಸಿಕೊಳ್ಳಬೇಕೆಂದು 2005ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ತೀರ್ಮಾನವಾಯಿತು. ಈಗ ನಮ್ಮ ಬಿಳಿಜಾಲಿ ವಾಚೆಲಿಯ ಲ್ಯೂಕೋಫ್ಲಿಯ. ಆದುದರಿಂದ ಹಳೆಯ ಪಟ್ಟಿ ಹೊಸ ಪಟ್ಟಿಗಳನ್ನು ಕೂಡಿಸುವವರು ಮೊದಲು ಹೆಸರುಗಳ ಕೋಶವೊಂದನ್ನು ಸಿದ್ಧಪಡಿಸಿಕೊಳ್ಳಬೇಕು. ಇಲ್ಲವಾದರೆ ಒಂದೇ ಮರ ಎರಡಾಗಿ ಎಣಿಕೆಯಾಗುತ್ತದೆ.

ಸಂಶಯ ಬಂದಾಗ ಸಾಕ್ಷಿ ಬೇಕು. ಒಣಗಿಸಿ, ಕಾಗದಕ್ಕೆ ಅಂಟಿಸಿ, ಊರು ಮತ್ತು ದಿನಾಂಕ ಬರೆದಿಟ್ಟ ಸಸ್ಯವೇ ಆ ಸಾಕ್ಷಿ. ಅಂತಹ ಸಸ್ಯಗಳ ಭಂಡಾರ ನಮ್ಮ ಕೊಯಮತ್ತೂರಿನಲ್ಲೇ ಇದೆ. ಭಾರತೀಯ ಸಸ್ಯವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ದಕ್ಷಿಣ ಶಾಖೆ 1955ರಲ್ಲಿ ಇಲ್ಲಿ ಆರಂಭವಾಯಿತು. ಮದರಾಸ್ ಹರ್ಬೇರಿಯಂ ಎಂಬ ಪ್ರಸಿದ್ಧ ಸಂಗ್ರಹ ಅದರ ವಶದಲ್ಲಿದೆ. ಗ್ಯಾಂಬಲ್ ಎಂಬವರು 1915ರಲ್ಲಿ ಆರಂಭಿಸಿದ ಮದರಾಸು ಪ್ರಾಂತದ ಸಸ್ಯಗ್ರಂಥವನ್ನು, ಅವರು ತೀರಿಕೊಂಡ ಬಳಿಕ ಫಿಷರ್ ಎಂಬ ಅರಣ್ಯಾಧಿಕಾರಿ 1936ರಲ್ಲಿ ಮುಗಿಸಿದರು. ಆನೆಮಲೆಯ ಸಸ್ಯಗಳ ಸಮೀಕ್ಷೆಯನ್ನು ಇದೇ ಫಿಷರ್ 1921ರಲ್ಲಿ ಪ್ರಕಟಿಸಿದ್ದರು. ನೂರು ವರ್ಷಗಳ ಹಿಂದೆ ಎಲ್ಲಿ ಯಾವ ಗಿಡವಿತ್ತೆಂದು ಇಂದು ನಾವು ಹೇಳಬಲ್ಲೆವಾದರೆ ಅದು ಇಂತಹವರ ಪಟ್ಟಿಗಳಿಂದ.

ಗುಂಪಿಗೆ ಹೆಸರಿಡುವುದು

ಪಟ್ಟಿಗಳಿಂದ ಗುಂಪುಗಳಾದ ಮೇಲೆ ಅವುಗಳಿಗೆ ಹೆಸರು ಬೇಕು. ಚಾಂಪಿಯನ್ ಎಂಬವರು 1936ರಲ್ಲಿ ಭಾರತ ಮತ್ತು ಬರ್ಮಾಗಳ ಕಾಡುಗಳನ್ನು ವಿಂಗಡಿಸಿದರು. 1968ರಲ್ಲಿ ಸೇಠ್ ಅವರೊಡನೆ ಕೂಡಿ ಭಾರತದ ಕಾಡುಗಳ ವಿಂಗಡಣೆಯನ್ನು ಪರಿಷ್ಕರಿಸಿ, 16 ಮುಖ್ಯ ವರ್ಗಗಳನ್ನು ನಿಗದಿ ಮಾಡಿದರು. ಅದರಲ್ಲಿ ಒಂದನೆಯದು ನಿತ್ಯಹಸುರಿನ ಕಾಡು, ಐದನೆಯದು ಒಣ ಎಲೆಯುದುರು ಕಾಡು, ಆರನೆಯದು ಮುಳ್ಳುಕಾಡು, ಹನ್ನೊಂದನೆಯದು ಶೋಲಾ ಸೇರಿದ ಬೆಟ್ಟಕಾಡು. ಈ ನಾಲ್ಕೂ ನಮ್ಮ ಎರಡು ಜಿಲ್ಲೆಗಳಲ್ಲಿ ಇವೆ. ಪುದುಚೇರಿಯ ಫ್ರೆಂಚ್ ಸಂಸ್ಥೆಯ ವಿಜ್ಞಾನಿಗಳು ಮುಂದೆ ಮರಗಳ ಹೆಸರಿನಿಂದಲೇ ಕಾಡನ್ನು ಕರೆದರು. ಆನೆಮಲೆಯ ನಡು ಎತ್ತರದ ಮಳೆಕಾಡು ಅವರ ನಕ್ಷೆಯಲ್ಲಿ ಕುಲ್ಲೇನಿಯ, ನಾಗಸಂಪಿಗೆ, ಪಾಲಾಕ್ವಿಯಂ ಎಂಬ ಮೂರು ಮರಗಳ ಕಾಡು. ಸಿಂಗಳೀಕಕ್ಕೆ ಕುಲ್ಲೇನಿಯದ ಹೂಕಾಯಿಗಳೇ ಮುಖ್ಯ ಆಹಾರ. ಹೆಸರು ಓದಿದರೆ ಸಾಕು, ಅಲ್ಲಿ ಯಾವ ಪ್ರಾಣಿ ಬಾಳಬಹುದೆಂಬುದೂ ಹೊಳೆಯುತ್ತದೆ.

ತಪ್ಪು ಹೆಸರಿನ ಫಲ

ಹೆಸರಿನಲ್ಲೇನಿದೆ ಎಂದು ಕೆಲವರು ಕೇಳಬಹುದು. ಎರಡು ನಿದರ್ಶನಗಳನ್ನು ಕೊಡುತ್ತೇವೆ.

ಮೊದಲನೆಯದು ಬೆಟ್ಟದ ಹುಲ್ಲುಗಾವಲು. ಮರ ಕಡಿದುದರಿಂದ ಬೋಳಾದ ಜಾಗವಿದು ಎಂದು ಭಾವಿಸಿ ನೀಲಗಿರಿ ಮತ್ತು ಪಳನಿ ಬೆಟ್ಟಗಳ ವಿಶಾಲವಾದ ಹುಲ್ಲುಗಾವಲುಗಳಲ್ಲಿ ನೀಲಗಿರಿ ಮರ, ವಾಟಲ್ ಮರಗಳನ್ನು ನೆಟ್ಟರು. ಆದರೆ ನೀಲಗಿರಿಯ ಜೌಗುಮಣ್ಣನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವು, ಸುಮಾರು 20,000 ವರ್ಷಗಳ ಹಿಂದೆ ಹಿಮಯುಗದ ಕಾಲದಲ್ಲಿಯೇ ಅಲ್ಲಿ ಹುಲ್ಲು ಪ್ರಧಾನವಾಗಿತ್ತೆಂದು ತೋರಿಸಿತು. ಅದು ಕಾಡಿನ ಅವಶೇಷವಲ್ಲ, ತಾನೇ ಒಂದು ಸಸ್ಯವರ್ಗ. ಆ ಹುಲ್ಲನ್ನು ನಂಬಿದ ವರೈಯಾಡು ತಮಿಳುನಾಡಿನ ರಾಜ್ಯಪ್ರಾಣಿ. ನಮ್ಮ ಅಕ್ಕಾಮಲೆಯ ಹುಲ್ಲುಬೆಟ್ಟಗಳು ಅದರ ಆಶ್ರಯತಾಣಗಳಲ್ಲೊಂದು.

ಎರಡನೆಯದು ತಿರುಪ್ಪೂರು ಜಿಲ್ಲೆಯ ಕೊರಂಗಾಡು. ಕನ್ನಡದಲ್ಲಿ ಕಾಡು ಎಂದರೆ ಅರಣ್ಯ. ಕೊಂಗುನಾಡಿನ ತಮಿಳಿನಲ್ಲಿ ಕಾಡು ಎಂದರೆ ಮಳೆಯಾಧಾರದ ಹೊಲ. ಕೊರಂಗಾಡು ಎಂದರೆ ರೈತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸ್ವಂತದ ಮೇವುಭೂಮಿ. ಸುತ್ತಲೂ ಮುಳ್ಳುಕಿಳುವೈಯ ಜೀವಬೇಲಿ, ನೆಲಕ್ಕೆ ಕೊಳುಕ್ಕಟ್ಟೈ ಹುಲ್ಲು, ನಡುನಡುವೆ ನೆರಳಿಗೂ ಮೇವಿನ ಕಾಯಿಗೂ ಬಿಳಿಜಾಲಿ. ಹೆಸರಾಂತ ಕಾಂಗೇಯಂ ತಳಿಯ ದನಗಳು ಇದರಲ್ಲಿ ಮೇದು ಬೆಳೆದವು. ಹೊರಗಿನವರ ಕಣ್ಣಿಗೆ ಇದು ಬೀಳುಭೂಮಿ. ದೇಶದ ಪಾಳುಭೂಮಿಗಳ ನಕ್ಷಾಸಂಪುಟಗಳಲ್ಲಿ ಕುರುಚಲು ನೆಲವೂ ಸವೆದ ಗೋಮಾಳವೂ ಪಾಳುಭೂಮಿಯ ಪಟ್ಟಿಗೇ ಸೇರಿವೆ. ಪಾಳು ಎಂದು ಬರೆದ ನೆಲವನ್ನು ಉಳಿಸಬೇಕೆಂದು ಯಾರಿಗೂ ತೋರುವುದಿಲ್ಲ. ಅಲ್ಲಿನ ಹುಲ್ಲು, ಮರ, ಬೇಲಿಗಳನ್ನು ಎಣಿಸಿ ಬರೆದ ಪಟ್ಟಿಯಿದ್ದರೆ, ಇದು ಪಾಳಲ್ಲ, ದುಡಿಯುವ ನೆಲ ಎಂದು ಸಾಧಿಸಿ ತೋರಿಸಬಹುದು.

ನಾವು ಮಾಡಬಹುದಾದ ಕೆಲಸ

ಇದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ನಾಲ್ಕು ಗೂಟ, ಒಂದು ಹಗ್ಗ, ಒಂದು ನೋಟ್‌ಪುಸ್ತಕ ಸಾಕು. ಶಾಲೆಯ ಬಯಲಿನಲ್ಲೋ ಮನೆಯ ಹಿತ್ತಿಲಲ್ಲೋ ಒಂದು ಮೀಟರ್ ಚೌಕವನ್ನು ಗುರುತಿಸಿ ಪಟ್ಟಿ ಮಾಡಿರಿ. ಗಿಡವನ್ನು ಕೀಳಬೇಡಿರಿ. ಕಾಯ್ದಿಟ್ಟ ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡಬೇಡಿರಿ.

ಪೋಷಕರಲ್ಲಿಯೂ ಒಂದು ವಿನಂತಿ. ಗಿಡಗಳ ಕನ್ನಡ ಹೆಸರುಗಳು ಇಲ್ಲಿ ಮನೆಯ ಹಿರಿಯರ ನಾಲಗೆಯ ಮೇಲೆ ಮಾತ್ರ ಉಳಿದಿವೆ. ಸಂಜೆಯ ಹೊತ್ತು ಅಜ್ಜ ಅಜ್ಜಿಯರ ಬಳಿ ಮಕ್ಕಳನ್ನು ಕೂರಿಸಿ, ಈ ಹೆಸರುಗಳನ್ನು ಬರೆಯಿಸಿರಿ. ಪುಸ್ತಕದ ಹೆಸರು ಗ್ರಂಥಾಲಯದಲ್ಲಿ ಸಿಕ್ಕೀತು. ಅಜ್ಜಿಯ ಬಾಯಿಯ ಹೆಸರು ಅವರೊಡನೆಯೇ ಹೋದರೆ ಮತ್ತೆ ಸಿಗದು.

ಅಭ್ಯಾಸ

1. ನಿಮ್ಮ ಬೀದಿಯ ಹತ್ತು ಸಸ್ಯಗಳ ಕನ್ನಡ, ತಮಿಳು ಮತ್ತು ಶಾಸ್ತ್ರೀಯ ಹೆಸರುಗಳನ್ನು ಮೂರು ಸಾಲುಗಳಲ್ಲಿ ಬರೆಯಿರಿ.
2. ಎಲ್ಲ ಚೌಕಗಳಲ್ಲಿಯೂ ಕಾಣುವ ಸಸ್ಯವು ವಿಂಗಡಣೆಗೆ ಏಕೆ ನೆರವಾಗದು? ವಿವರಿಸಿರಿ.
3. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಒಂದೇ ಚೌಕದ ಪಟ್ಟಿ ಮಾಡಿ ಹೋಲಿಸಿರಿ.
4. ನಿಮ್ಮ ಊರಿನಲ್ಲಿ 'ಪಾಳು' ಎಂದು ಕರೆಯುವ ಒಂದು ಜಾಗದಲ್ಲಿ ಏನೇನು ಬೆಳೆಯುತ್ತದೆ, ಯಾರು ಅದನ್ನು ಬಳಸುತ್ತಾರೆ ಎಂಬುದನ್ನು ಹಿರಿಯರಿಂದ ಕೇಳಿ, ಒಂದು ಪುಟದಷ್ಟು ಬರೆಯಿರಿ.